ಕರುಳು ಮತ್ತು ಬೋಟಿ

ಕನ್ನಡ ನುಡಿಯಲ್ಲಿ ವಾತ್ಸಲ್ಯದ ನೆಲೆ ಕರುಳು. ಹೆತ್ತ ಕರುಳು, ಕರುಳಿನ ಕುಡಿ, ಕರುಳಬಳ್ಳಿ ಎಂಬ ಮಾತುಗಳನ್ನು ತೆಗೆದುಹಾಕಿದರೆ ಜನಪದದ ತಾಯಿಗೆ ಅಳುವುದಕ್ಕೂ ಭಾಷೆ ಉಳಿಯದು. ಧೈರ್ಯ ಗುಂಡಿಗೆಯಲ್ಲಿದೆ, ಅಹಂಕಾರದ ಪಿತ್ತ ನೆತ್ತಿಗೇರುತ್ತದೆ. ದೇಹದ ಒಳಗಿನ ಅಂಗಗಳಿಗೆ ಇಷ್ಟೊಂದು ಭಾವವನ್ನು ವಹಿಸಿಕೊಟ್ಟ ಭಾಷೆ, ಅದೇ ಕರುಳು ತಟ್ಟೆಗೆ ಬಂದೊಡನೆ ಸಾಮಾನ್ಯವಾಗಿ ಅದರ ಹೆಸರನ್ನು ಬದಲಾಯಿಸಿಬಿಡುತ್ತದೆ. ಆಗ ಅದು ಬೋಟಿ. ಈ ಹೆಸರೂ ಊರೂರಿಗೆ ಜಾರುವಂಥದು. ಹಿಂದಿ, ಉರ್ದುಗಳಲ್ಲಿ ಬೋಟಿಯೆಂದರೆ ಬರಿಯ ಮಾಂಸದ ತುಂಡು. ಮುಂಬಯಿಯಲ್ಲಿ ಆಸೆಪಟ್ಟು ಬೋಟಿ ಕಬಾಬು ತರಿಸಿಕೊಂಡ ಹೊರನಾಡ ಕನ್ನಡಿಗ ನಿರಾಶನಾಗಬೇಕಾಗುತ್ತದೆ. ಅವನಿಗೆ ಬೇಕಾದುದನ್ನು ಅಲ್ಲಿ ವಜಡಿ ಎಂದು ಕೇಳಬೇಕು, ಚೆನ್ನೈಯಲ್ಲಿ ಕುಡಲ್ ಎನ್ನಬೇಕು. ಹೈದರಾಬಾದಿನ ತೆಲುಗರೊಡನೆ ಮಾತ್ರ ಬೋಟಿ ಬೋಟಿಯಾಗಿಯೇ ಉಳಿದಿದೆ.

ಬೋಟಿ ಗೊಜ್ಜಿನ ರುಚಿ ಅರ್ಧ ಅಡುಗೆಯದು, ಅರ್ಧ ತೊಳೆಯುವ ಕೈಯದು. ಜಠರದ ಚೀಲವನ್ನು ಕುದಿನೀರಿನಲ್ಲಿ ಅದ್ದಿ, ಸುಣ್ಣ ಹಚ್ಚಿ, ಕಪ್ಪು ಪದರವನ್ನು ಕೆರೆದು ತೆಗೆಯಬೇಕು. ಕರುಳನ್ನು ಕಡ್ಡಿಗೆ ಸಿಕ್ಕಿಸಿ ಒಳಹೊರಗು ಮಾಡಬೇಕು. ಅರಿಸಿನ ಹಾಕಿ ಒಮ್ಮೆ ಬೇಯಿಸಿ ಆ ನೀರನ್ನು ಚೆಲ್ಲಿದ ಮೇಲೆಯೇ ಮಸಾಲೆಯ ಮಾತು. ಕಡಲೆಕಾಳು ಸೇರಿದರೆ ಅದು ಬೇರೆಯೇ ಘನತೆ ಪಡೆಯುತ್ತದೆ. ಕಾಲುಗಳದು ಇನ್ನೊಂದು ಬಗೆಯ ತಾಳ್ಮೆ: ಉರಿಯಲ್ಲಿ ಸುಟ್ಟು, ಕೂದಲು ಹೆರೆದು, ಗಂಟೆಗಟ್ಟಲೆ ಕುದಿಸಿ ಎಲುಬಿನ ಸಾರವನ್ನು ಹೊರಡಿಸುವುದು. ಹೈದರಾಬಾದಿನ ಹಳೆಯ ನಗರದಲ್ಲಿ ಬೆಳಗಿನ ಜಾವವೇ ನಾಲಗೆ, ಕಾಲುಗಳ ನಹಾರಿಯನ್ನು ಕುಲ್ಚಾದೊಡನೆ ತಿನ್ನುವವರು ಕಾಯುವುದು ಈ ಅಂಟಿಗಾಗಿ. ದ್ವೇಷಿಸುವವರು ಓಡುವುದೂ ಇದೇ ಅಂಟಿಗಾಗಿ. ಹಲ್ಲಿಗೆ ಸಿಕ್ಕೂ ಸಿಗದ ಆ ಮೆತುತನ, ತೊಳೆದಷ್ಟೂ ಉಳಿಯುವ ಆ ಕಿಂಚಿತ್ ವಾಸನೆ ಒಬ್ಬನಿಗೆ ಪರಮಾನ್ನ, ಇನ್ನೊಬ್ಬನಿಗೆ ವಾಂತಿ. ಮಾಂಸಾಹಾರಿಗಳಲ್ಲಿಯೇ ಈ ಭೇದವಿದೆಯೆಂಬುದು ಸ್ವಾರಸ್ಯದ ಸಂಗತಿ. ತೊಡೆಯ ಮಾಂಸ ಎಲ್ಲಿಯದೆಂಬುದನ್ನು ಮರೆತು ತಿನ್ನಬಹುದು. ಮಿದುಳು, ನಾಲಗೆ, ಕರುಳು ಮರೆಯಲು ಬಿಡವು.

ಇವು ಬಡವರ ಆಹಾರ, ಗತಿಯಿಲ್ಲದ್ದಕ್ಕೆ ತಿಂದದ್ದು ಎಂಬ ವಿವರಣೆ ಅರೆಸತ್ಯ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವನ್ನು ತೆರೆದವರು ಅಲ್ಲಿ ರಕ್ತ ಬೆರೆತ ಪಾಕವನ್ನೂ ಕರುಳಿನ ಭಕ್ಷ್ಯವನ್ನೂ ಅಡಕೆಯಷ್ಟಕ್ಕೆ ಕತ್ತರಿಸಿ ಕೆಂಡದಲ್ಲಿ ಸುಟ್ಟ ಯಕೃತ್ತನ್ನೂ ಕಾಣುತ್ತಾರೆ. ಗ್ರಂಥ ಸಂಸ್ಕೃತದ್ದು, ಅಡುಗೆಮನೆ ಕನ್ನಡ ಅರಸನದು. ಅದಕ್ಕೂ ಹಿಂದೆ, ವೈದಿಕ ಪಶುಯಾಗದಲ್ಲಿ ಮೊದಲ ಆಹುತಿ ವಪೆಯದು, ಎಂದರೆ ಹೊಟ್ಟೆಯ ಕೊಬ್ಬಿನ ಪೊರೆಯದು. ಹೃದಯವನ್ನು ಬೇಯಿಸುವುದಕ್ಕೆ ಪ್ರತ್ಯೇಕ ಶೂಲವೇ ಇತ್ತು. ದೇವತೆಗಳಿಗೂ ದೊರೆಗೂ ಸಂದದ್ದು ಕೇರಿಗೆ ಬಂದಾಗ ಮಾತ್ರ ಹೇಸಿಗೆಯಾಯಿತೆ? ತಿನಿಸಿನ ಚರಿತ್ರೆ ಬರೆಯುವವರು ಈ ಪ್ರಶ್ನೆಯನ್ನು ಮೆಲ್ಲನೆ ದಾಟಿಹೋಗುತ್ತಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದಲ್ಲಿ ಹೃದಯ, ಮೂತ್ರಪಿಂಡಗಳನ್ನು ಗೃಹಿಣಿಯರು ಅಡುಗೆಗೆ ಬಳಸುವಂತೆ ಮಾಡಲು ಮನೋವಿಜ್ಞಾನಿ ಕುರ್ಟ್ ಲೆವಿನ್ ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. 1943ರಲ್ಲಿ ಪ್ರಕಟವಾದ ಅವನ ವರದಿಯ ಪ್ರಕಾರ, ಉಪನ್ಯಾಸ ಕೇಳಿದವರಲ್ಲಿ ಶೇಕಡ 3 ಮಂದಿ ಮಾತ್ರ ಅವನ್ನು ಬೇಯಿಸಿದರು. ತಮ್ಮಲ್ಲೇ ಕುಳಿತು ಚರ್ಚಿಸಿ ನಿರ್ಧರಿಸಿದವರಲ್ಲಿ ಶೇಕಡ 32. ಹೇಸಿಗೆ ನಾಲಗೆಯಲ್ಲಿರುವುದಕ್ಕಿಂತ ಪಂಕ್ತಿಯಲ್ಲಿದೆ ಎಂದಾಯಿತು. ಯಾರೊಡನೆ ಕುಳಿತು ಉಣ್ಣುತ್ತೇವೆಂಬುದು ಏನನ್ನು ಉಣ್ಣುತ್ತೇವೆಂಬುದನ್ನು ತೀರ್ಮಾನಿಸುತ್ತದೆ.

ಮುಂಬಯಿಯ ಕನ್ನಡಿಗರ ವಿಷಯದಲ್ಲಿ ಇದು ಬರಿಯ ತರ್ಕವಲ್ಲ. ಆ ನಗರಕ್ಕೆ ಕನ್ನಡದ ಊಟವೆಂದರೆ ಉಡುಪಿಯ ಊಟ. ಮಾಟುಂಗದಲ್ಲಿ ಎ. ರಾಮ ನಾಯಕರ ಭೋಜನಾಲಯ 1942ರಲ್ಲಿ ಆರಂಭವಾದದ್ದನ್ನು ಎಲ್ಲರೂ ಗೌರವದಿಂದ ನೆನೆಯುತ್ತಾರೆ; ನೆನೆಯತಕ್ಕದ್ದೇ. ಆದರೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಚಾಳುಗಳಲ್ಲಿ ಭಾನುವಾರ ಕುದಿದದ್ದು ಯಾವ ಫಲಕದ ಮೇಲೂ ಏರಲಿಲ್ಲ. ಮಂಗಳೂರಿನ ಕ್ರೈಸ್ತರು ಹಂದಿಯ ಯಕೃತ್ತು, ಕರುಳುಗಳ ಅಡುಗೆಯನ್ನು ಹಬ್ಬದ ಮೇಜಿಗೆ ತಂದು ಸಂಕೋಚವಿಲ್ಲದೆ ಬಡಿಸುತ್ತಾರೆ; ಬೋಟಿ ತಿನ್ನುವ ಕನ್ನಡಿಗ ಮಾತ್ರ ಡಬ್ಬಿಯ ಮುಚ್ಚಳವನ್ನು ಓರೆ ಮಾಡಿ ತೆರೆಯುತ್ತಾನೆ. ಮರಾಠಿಯಲ್ಲಿ ಶಾಹೂ ಪಾಟೋಳೆಯವರು 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಎಂಬ ಪುಸ್ತಕ ಬರೆದು ಮರಾಠವಾಡಾದ ಮಹಾರ್ ಮತ್ತು ಮಾಂಗ್ ಮನೆಗಳ ರಕ್ತ, ವಜಡಿಗಳ ಅಡುಗೆಯನ್ನು ದಾಖಲಿಸಿದರು. ಅನ್ನವನ್ನು ಪೂರ್ಣಬ್ರಹ್ಮವೆನ್ನುವ ಪ್ರಾರ್ಥನೆಗೆ ಒಂದೇ ಅಕ್ಷರ ಸೇರಿಸಿ ಅವರು ಹೇಳಿದ್ದು ಬಹಳ. ಮರಾಠವಾಡಾದ ಗಡಿಗೆ ತಗುಲಿಕೊಂಡಿರುವ ಬೀದರ, ಕಲಬುರಗಿಗಳ ಮನೆಗಳಲ್ಲಿಯೂ ಬರೆಯುವಂಥದು ಕಡಿಮೆಯೇನಿಲ್ಲ. ಸಂಶೋಧನ ವಿದ್ಯಾರ್ಥಿಗಳು ವಿಷಯ ಸಿಗದೆಂದು ಗೊಣಗುವುದನ್ನು ಬಿಟ್ಟು ಅತ್ತ ಹೋಗಬಹುದು.

ಬೇಗ ಹೋಗುವುದು ಲೇಸು. ತಲೆ, ಕಾಲುಗಳನ್ನು ಈಗ ಅಂಗಡಿಯವರೇ ಅನಿಲದ ಜ್ವಾಲೆಯಲ್ಲಿ ಸುಟ್ಟುಕೊಡುತ್ತಾರೆ. ಬೋಟಿ ಬೆಳ್ಳಗೆ ತೊಳೆದು, ತುಂಡರಿಸಿ, ಪೊಟ್ಟಣದಲ್ಲಿ ಮನೆಬಾಗಿಲಿಗೆ ಬರುತ್ತದೆ. ಮೂಗು ಮುಚ್ಚುತ್ತಿದ್ದ ಸೊಸೆಯಂದಿರೂ ಅದನ್ನು ಒಲೆಯ ಮೇಲಿಡುತ್ತಾರೆ. ಹಿರಿಯಾಕೆ ಒಂದು ತುತ್ತು ತಿಂದು, ಉಪ್ಪು ಖಾರ ಸರಿಯಾಗಿದೆ, ಬೋಟಿಯ ವಾಸನೆಯೇ ಇಲ್ಲವಲ್ಲ ಎಂದು ತಟ್ಟೆ ಸರಿಸುತ್ತಾಳೆ.