ಆ ಒಂದು ಹನಿ ಬೆವರು

ಅಪ್ಪನ ಹೆಗಲ ಮೇಲೆ ಕೂತು ನಮ್ಮೂರ ಟಾಕೀಸಿಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಗಾಂಧಿ ಕ್ಲಾಸಿನ ಕಿಂಡಿ ಮುಂದೆ ನೂಕುನುಗ್ಗಲು, ಅಪ್ಪನ ತಲೆಯ ಹರಳೆಣ್ಣೆ ವಾಸನೆ, ಕೈಯಲ್ಲಿ ಬಿಸಿ ಕಡಲೆಕಾಯಿ ಪೊಟ್ಟಣ. ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನನ್ನ ಪಾಲಿಗೆ ಉಳಿದ ಅಪ್ಪ ಅಂದರೆ ಅಷ್ಟೇ.

ಕಳೆದ ಯುಗಾದಿಗೆ ಅಕ್ಕ ಒಂದೇ ಮಾತಲ್ಲಿ ಅದನ್ನೂ ಕಿತ್ತುಕೊಂಡಳು. "ಹೆಗಲ ಮೇಲಿದ್ದದ್ದು ಅಣ್ಣ ಕಣೋ. ನೀನಿನ್ನೂ ಹುಟ್ಟೇ ಇರ್ಲಿಲ್ಲ!"

ಅದಕ್ಕೇ ಮಿತ್ರರೇ, ಈ ವಾರ 'ಟೋಟಲ್ ರಿಕಾಲ್' ಬಗ್ಗೆ ಬರೆಯುತ್ತಿದ್ದೇನೆ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ವಿಜ್ಞಾನದ ಚಿತ್ರ ಯಾಕೆ ಅಂತೀರಾ? ಇರಲಿ, ಕೇಳಿ.

ಚಿತ್ರ ತೆರೆ ಕಂಡದ್ದು 1990ರಲ್ಲಿ. (2012ರಲ್ಲಿ ಕಾಲಿನ್ ಫ್ಯಾರೆಲ್‌ನನ್ನು ಹಾಕಿಕೊಂಡು ಮತ್ತೆ ತೆಗೆದರು. ಅದನ್ನು ನೋಡದಿದ್ದರೂ ನಷ್ಟವೇನಿಲ್ಲ.) ಮೂಲ, ಫಿಲಿಪ್ ಕೆ. ಡಿಕ್ 1966ರಲ್ಲಿ ಪ್ರಕಟಿಸಿದ ಸಣ್ಣ ಕಥೆ. ಕಥೆಯ ನಾಯಕ ಬಡಪಾಯಿ ಗುಮಾಸ್ತ. ಆದರೆ ಅರ್ನಾಲ್ಡ್ ಶ್ವಾರ್ಜ್‌ನೆಗರ್ ತೋಳು ನೋಡಿದ ಮೇಲೆ ಗುಮಾಸ್ತ ಅಂದರೆ ಯಾರು ನಂಬ್ತಾರೆ ಸ್ವಾಮಿ? ನಿರ್ದೇಶಕ ಪಾಲ್ ವರ್ಹೋವನ್ ಅವನ ಕೈಗೆ ಕಲ್ಲು ಒಡೆಯುವ ಯಂತ್ರ ಕೊಟ್ಟು ಕೂಲಿಯವನನ್ನಾಗಿ ಮಾಡಿದರು.

ನಾಯಕ ಕ್ವೇಡ್‌ಗೆ ದಿನಾ ಮಂಗಳ ಗ್ರಹದ ಕನಸು. ಹೆಂಡತಿ ಶರಾನ್ ಸ್ಟೋನ್ ಅಲ್ಲಿಗೆ ಹೋಗುವ ಮಾತೆತ್ತಿದರೆ ಬೇಡ ಅಂತಾಳೆ. 'ರಿಕಾಲ್' ಕಂಪನಿಯವರದು ಸುಲಭದ ದಾರಿ: ಪ್ರವಾಸ ಬೇಡ, ಪ್ರವಾಸದ ನೆನಪನ್ನೇ ಕೊಂಡುಕೊಳ್ಳಿ! ಕುರ್ಚಿಯಲ್ಲಿ ಕೂತರೆ ಎರಡು ವಾರ ಮಂಗಳ ಸುತ್ತಿ ಬಂದ ನೆನಪು ತಲೆಯೊಳಗೆ. ಬೇಕಾದರೆ ಗೂಢಚಾರನ ವೇಷವೂ ಸಿಗುತ್ತೆ. ಅಲ್ಲೇ ಎಡವಟ್ಟು. ಮುಂದೆ ನಡೆಯುವುದೆಲ್ಲ ನಿಜವೋ, ಕೊಂಡ ಕನಸೋ? ಕಂಪನಿಯ ನೌಕರ ಮೊದಲೇ ಮಂಗಳದ ನೀಲಿ ಆಕಾಶದ ಮಾತಾಡಿರುತ್ತಾನೆ. ಕೊನೆಗೆ ಆ ನೀಲಿಯ ಕೆಳಗೇ ನಾಯಕ ನಾಯಕಿಗೆ ಮುತ್ತಿಡುತ್ತಾನೆ, ತೆರೆ ಬೆಳ್ಳಗಾಗುತ್ತದೆ.

ನನ್ನನ್ನು ಹಿಡಿದದ್ದು ಮಾತ್ರ ನಡುವಿನ ಒಂದು ದೃಶ್ಯ. ಮಂಗಳದ ಹೋಟೆಲ್ ಕೋಣೆಗೆ ಡಾಕ್ಟರೊಬ್ಬ ಬರುತ್ತಾನೆ. ನೀನಿನ್ನೂ ಭೂಮಿಯ ಮೇಲೆ ಅದೇ ಕುರ್ಚಿಯಲ್ಲಿದ್ದೀಯ, ನಾನೂ ಈ ಕನಸಿನೊಳಗಿನವನೇ, ಈ ಕೆಂಪು ಮಾತ್ರೆ ನುಂಗಿ ಎದ್ದೇಳು ಅಂತಾನೆ. ಕ್ವೇಡ್ ಮಾತ್ರೆಯನ್ನು ಬಾಯಿಗೂ ಹಾಕಿಕೊಂಡ. ಅಷ್ಟರಲ್ಲಿ ಡಾಕ್ಟರ ಮುಖದ ಮೇಲಿಂದ ಒಂದು ಹನಿ ಬೆವರು ಇಳಿಯಿತು. ಕನಸಿನವನಾದರೆ ಸಾವಿಗೆ ಯಾಕೆ ಹೆದರಬೇಕು? ಢಮಾರ್! ಮಾತ್ರೆ ಥೂ ಅಂತ ಹೊರಕ್ಕೆ. ತನ್ನ ತಲೆಯನ್ನು ತಾನೇ ನಂಬಲಾರದವನು ಎದುರಿನವನ ಬೆವರನ್ನು ನಂಬಿದ.

ನನಗೆ ಯಾವ ಕಂಪನಿಯೂ ಸೂಜಿ ಚುಚ್ಚಿಲ್ಲ. ಕರೆಂಟು ಹೋದ ರಾತ್ರಿಗಳಲ್ಲಿ ಅಮ್ಮ ಹೇಳುತ್ತಿದ್ದ ಅಣ್ಣನ ಕಥೆ ಕೇಳಿ ಕೇಳಿ, ಅವನನ್ನಿಳಿಸಿ ನಾನೇ ಹೆಗಲು ಹತ್ತಿರಬೇಕು. ಆದರೆ ಹರಳೆಣ್ಣೆ ವಾಸನೆ? ಅದನ್ನು ಅಮ್ಮ ಯಾವತ್ತೂ ಹೇಳಿದವಳಲ್ಲ.

ಹೋದ ವಾರ ಊರಿಗೆ ಹೋಗಿ ಅವಳನ್ನೇ ಕೇಳಿದೆ. ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನೂ ಒಂದ್ಸಲ ಕರ್ಕೊಂಡೋಗಿದ್ರು ಬಿಡು" ಅಂದಳು. ಒಲೆಯ ಬಿಸಿಗೋ ಏನೋ, ಹಣೆ ತುಂಬ ಬೆವರು.

ಯಾವ ಪಿಕ್ಚರ್ ಅಂತ ಕೇಳೋಣ ಅಂದುಕೊಂಡಿದ್ದೆ. ಕೇಳಲಿಲ್ಲ.