ಅತಿಥಿಯ ಧರ್ಮ

ಅತಿಥಿಯನ್ನು ದೇವರೆಂದು ಸತ್ಕರಿಸುವ ಮನೆಗಳಲ್ಲಿ ಬೆಳೆದವರಿಗೂ, ತಾವೇ ಅತಿಥಿಗಳಾದಾಗ ಹೇಗಿರಬೇಕೆಂಬ ಪಾಠ ಅಷ್ಟಾಗಿ ದೊರೆತಿರುವುದಿಲ್ಲ.

ಜಪಾನಿನ ಕ್ಯೋಟೋ ನಗರದಲ್ಲಿ ಸ್ನೇಹಿತನ ಮನೆಗೆ ಊಟಕ್ಕೆ ಹೋದ ಬೆಂಗಳೂರಿನ ಗೃಹಸ್ಥರೊಬ್ಬರಿಗೆ, ಬಾಗಿಲಲ್ಲಿ ಪಾದರಕ್ಷೆ ಕಳಚುವಾಗಲೇ ಸ್ವಂತ ಮನೆಯನ್ನು ಹೊಕ್ಕಂತಾಯಿತು. 'ಇವರೂ ನಮ್ಮಂತೆಯೇ' ಎಂಬ ಧೈರ್ಯ ಬಂದಿತು. ಆ ಧೈರ್ಯವೇ ಅವರನ್ನು ಮೋಸಗೊಳಿಸಿತು. ಊಟದ ನಡುವೆ ಮಾತಿಗೆ ತೊಡಗಿ, ಕೈಯಲ್ಲಿದ್ದ ಊಟದ ಕಡ್ಡಿಗಳೆರಡನ್ನೂ ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದರು. ಸ್ನೇಹಿತನ ವೃದ್ಧ ತಾಯಿಯ ಮುಖ ಬಾಡಿತು. ಯಾರೂ ಒಂದು ಮಾತನ್ನೂ ಆಡಲಿಲ್ಲ. ಸ್ನೇಹಿತನು ಮೆಲ್ಲನೆ ಕಡ್ಡಿಗಳನ್ನು ತೆಗೆದು ಪಕ್ಕದಲ್ಲಿ ಮಲಗಿಸಿದನು.

ಅಲ್ಲಿ ಹಾಗೆ ಕಡ್ಡಿ ನೆಟ್ಟ ಅನ್ನವನ್ನು ಇಡುವುದು ಮೃತರ ಮುಂದೆ ಎಂಬ ಸಂಗತಿ ಅವರಿಗೆ ಮರುದಿನ ತಿಳಿಯಿತು. ಪಿಂಡಪ್ರದಾನವನ್ನು ಬಲ್ಲವರಿಗೆ ಇದಕ್ಕಿಂತ ವಿವರಣೆ ಬೇಕಿರಲಿಲ್ಲ. ಮತ್ತೆ ಹೋಗಿ, ತಲೆಬಾಗಿ ಕ್ಷಮೆ ಬೇಡಿದರು. ಆ ತಾಯಿ ಅವರಿಗಿಂತಲೂ ಕೆಳಗೆ ಬಾಗಿ, ಒಳಗಿನಿಂದ ಬಿಸಿ ಅನ್ನದ ಬಟ್ಟಲನ್ನು ತಂದಿಟ್ಟರು.

ತನ್ನದಕ್ಕಿಂತ ಭಿನ್ನವಾದ ಆಚಾರವನ್ನು ಕಂಡಾಗ ಪ್ರವಾಸಿಯು ಹೇಗೂ ಎಚ್ಚರ ವಹಿಸುತ್ತಾನೆ. ತನ್ನದರಂತೆಯೇ ತೋರುವೆಡೆಯಲ್ಲಿ ಎಡವುತ್ತಾನೆ. ಪರರ ಮನೆಯಲ್ಲಿ ಮನೆಯವರ ಕೈ ನೋಡಿ ತನ್ನ ಕೈ ಚಾಚುವುದೇ ಲೇಸು.