ಇಬ್ಬರೇ ಹೋದದ್ದು

ನಮ್ಮ ಕಡೆ ಗಂಡ ಹೆಂಡತಿ ಇಬ್ಬರೇ ಊರಿಗೆ ಹೊರಟರೆ ಅದಕ್ಕೊಂದು ಕಾರಣ ಇರಲೇಬೇಕು. ಸಾವಿಗೆ ಹೋಗಬಹುದು, ಕೋರ್ಟಿಗೆ ಹೋಗಬಹುದು, ಯಾರಿಗಾದರೂ ಹೆಣ್ಣು ನೋಡಲು ಹೋಗಬಹುದು. ಹರಕೆಯಾದರೆ ಮಕ್ಕಳೂ ಬರಬೇಕು, ಮುಡಿ ಕೊಡುವುದು ಅವರದೇ ಅಲ್ಲವೆ! ಏನೂ ಕೆಲಸವಿಲ್ಲದೆ, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಸುಮ್ಮನೆ ಎರಡು ರಾತ್ರಿ ಬೇರೆ ಊರಿನಲ್ಲಿ ಇದ್ದು ಬರುವುದು ಮಾತ್ರ ಮದುವೆಯಾದ ಮೊದಲ ವರ್ಷಕ್ಕೇ ಮುಗಿದುಹೋದ ಬಾಬತ್ತು. ಮೊದಲ ಸಲಕ್ಕೆ ಹನಿಮೂನ್ ಎಂಬ ಹೆಸರಾದರೂ ಇದೆ. ಎರಡು ಮಕ್ಕಳಾದ ಮೇಲೆ ಹೋದರೆ ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ಯೂರೋಪಿನಲ್ಲಿ ಇದು ತೀರಾ ಸಾಮಾನ್ಯ. ನಾವಿರುವುದು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಪಕ್ಕದ ಮನೆಯ ದಂಪತಿಗಳು ವರ್ಷಕ್ಕೊಂದೆರಡು ಸಲವಾದರೂ ಮಕ್ಕಳನ್ನು ಅಜ್ಜಿಯ ಮನೆಗೆ ಬಿಟ್ಟು, ಶುಕ್ರವಾರ ಸಂಜೆ ಒಂದೊಂದು ಸಣ್ಣ ಚೀಲ ಹಿಡಿದು ಹೊರಡುತ್ತಾರೆ. ಭಾನುವಾರ ರಾತ್ರಿ ವಾಪಸ್ಸು. ನಮ್ಮ ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವಷ್ಟು ಹೊತ್ತು ರೈಲಿನಲ್ಲಿ ಕೂತರೆ ಇಲ್ಲಿ ಬೇರೆ ದೇಶವೇ ಬಂದುಬಿಡುತ್ತದೆ. ಎಂಟು ವರ್ಷ ನಾನು ಅವರು ಹೊರಡುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ನಮ್ಮ ಮಕ್ಕಳಿಗೂ ಅಜ್ಜಿ ಇದ್ದರು. ಅಜ್ಜಿಯ ಮನೆ ಏಳು ಸಾವಿರ ಕಿಲೋಮೀಟರಿಗೂ ಆಚೆ ಇತ್ತು, ಅಷ್ಟೆ.

ಹೋದ ವರ್ಷ ಮಾರ್ಚಿಯಲ್ಲಿ ಆ ಅಜ್ಜಿಯೇ ಬಂದರು, ನಮ್ಮತ್ತೆ. ಮಾವ ತೀರಿಕೊಂಡ ಮೇಲೆ ಅದೇ ಮೊದಲು. ಷೆಂಗನ್ ವೀಸಾದ ಲೆಕ್ಕ ಗೊತ್ತಲ್ಲ, 180 ದಿನಗಳಲ್ಲಿ 90 ದಿನ. ಒಂದು ದಿನ ಹೆಚ್ಚಿಲ್ಲ. ಬಂದ ತಿಂಗಳಿಗೆಲ್ಲ ಅವರಿಗೆ ಈ ಮನೆಯ ಒಲೆ, ನಲ್ಲಿ, ಮಕ್ಕಳ ಹಟ ಎಲ್ಲ ಕೈವಶವಾಗಿತ್ತು. ಒಂದು ಸಂಜೆ ಬೀನ್ಸ್ ಸೋಸುತ್ತಾ ಹೇಳಿದರು, "ಎಲ್ಲಿಗಾದ್ರೂ ಹೋಗ್ಬನ್ನಿ ಇಬ್ರೂ."

"ಯಾಕತ್ತೆ?"

"ಯಾಕೆ ಅಂದ್ರೆ? ನಾನಿದೀನಲ್ಲ. ನಿನ್ನ ಗಂಡನಂಥ ತುಂಟನ್ನ ಸಾಕಿದೋಳಿಗೆ ಇವೆರಡನ್ನ ಎರಡು ದಿನ ನೋಡ್ಕೊಳಕ್ಕಾಗಲ್ವಾ?" ಮತ್ತೆ ಒಂದು ಹಿಡಿ ಬೀನ್ಸ್ ಮುಗಿಯುವ ತನಕ ಸುಮ್ಮನಿದ್ದರು. "ನಿಮ್ಮ ಮಾವ ನಾನು ಇಬ್ರೇ ಅಂತ ಹೋಗಿದ್ದು ಒಂದೇ ಸಲ ಕಣೇ. ಹಾಸನದ ಆಸ್ಪತ್ರೆಗೆ. ಬಸ್ಸಲ್ಲಿ ನನ್ನ ಕಿಟಕಿ ಪಕ್ಕ ಕೂರಿಸಿದ್ರು. ಚೆನ್ನಾಗಿತ್ತು."

ಆಸ್ಪತ್ರೆಗೆ ಹೋಗಿದ್ದು ಚೆನ್ನಾಗಿತ್ತು ಎಂದವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಅದಾದ ಮೇಲೆ ಹೋಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಆರಿಸಿಕೊಂಡ ಊರು ಬೆಲ್ಜಿಯಂನ ಬ್ರೂಜ್. ಪ್ಯಾರಿಸ್ಸೆಂದರೆ ಖರ್ಚು. ಬ್ರೂಜ್ ಸಣ್ಣದು, ನಡೆದೇ ಮುಗಿಸಬಹುದು, ಮಕ್ಕಳಿಗೆ ಜ್ವರ ಬಂತೆಂದರೆ ಅರ್ಧ ದಿನದೊಳಗೆ ಮನೆ ಸೇರಬಹುದು. ಈ ಕೊನೆಯ ಲೆಕ್ಕವನ್ನು ಇಬ್ಬರೂ ಮನಸ್ಸಿನಲ್ಲೇ ಹಾಕಿದ್ದೆವು, ಬಾಯಿ ಬಿಟ್ಟು ಹೇಳಲಿಲ್ಲ. ಆಂಟ್ವರ್ಪ್‌ನಲ್ಲಿ ರೈಲು ಬದಲಾಯಿಸಬೇಕು. 1905ರಲ್ಲಿ ತೆರೆದ ಆ ನಿಲ್ದಾಣದ ಗುಮ್ಮಟ, ಅಮೃತಶಿಲೆ, ಒಂದರ ಮೇಲೊಂದು ಅಂತಸ್ತಿನಲ್ಲಿ ಓಡುವ ರೈಲುಗಳು ಎಲ್ಲವೂ ನೋಡುವಂಥವೇ. ನಾವು ಅದರ ನಡುವೆ ನಿಂತು ಮಾತಾಡಿದ್ದು ಏನೆಂದು ಕೇಳಿ: ದೊಡ್ಡವಳ ಈಜಿನ ಚೀಲದಲ್ಲಿ ಟವೆಲ್ ಇಟ್ಟಿದ್ದೇವೋ ಇಲ್ಲವೋ. ಘೆಂಟ್ ದಾಟಿದರೂ ಚಿಕ್ಕವನ ಕೆಮ್ಮು, ಸೋಮವಾರದ ಡಬ್ಬಿ ಇವೇ. ಮಕ್ಕಳು ಮನೆಯಲ್ಲಿದ್ದರು, ಮಾತಿನಲ್ಲಿ ಮಾತ್ರ ನಮ್ಮಿಬ್ಬರ ನಡುವಿನ ಸೀಟಿನಲ್ಲೇ ಕೂತಿದ್ದರು.

ಇದಕ್ಕೊಂದು ಹಿನ್ನೆಲೆಯಿದೆ. ಮಕ್ಕಳು ಸಣ್ಣವರಿದ್ದಾಗ ಅವರಿಗೆ ತಿಳಿಯಬಾರದ ವಿಷಯಗಳನ್ನು ನಾವು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಅವಕ್ಕೆ ಇಂಗ್ಲಿಷ್ ಬಂತು. ಹಿಂದಿಗೆ ಹೋದೆವು, ಸಿನಿಮಾ ನೋಡಿ ನೋಡಿ ಹಿಂದಿಯೂ ಬಂತು. ನಮ್ಮ ಮುರುಕಲು ಡಚ್ ಭಾಷೆ ಕೇಳಿದರೆ ಅವೇ ತಿದ್ದುತ್ತವೆ. ಕೊನೆಗೆ ಉಳಿದದ್ದು "ಆಮೇಲೆ ಮಾತಾಡೋಣ" ಎಂಬ ಒಂದೇ ವಾಕ್ಯ. ಆ ಆಮೇಲೆ ಬರುವ ಹೊತ್ತಿಗೆ ರಾತ್ರಿ ಹತ್ತೂವರೆ, ಇಬ್ಬರಲ್ಲಿ ಒಬ್ಬರಿಗೆ ನಿದ್ದೆ.

ಬ್ರೂಜ್ ಹಳೆಯ ಊರು. ಒಂದು ಕಾಲಕ್ಕೆ ಉಣ್ಣೆ ಬಟ್ಟೆಯ ವ್ಯಾಪಾರದಿಂದ ಮೆರೆದದ್ದು. ಸಮುದ್ರಕ್ಕೆ ದಾರಿಯಾಗಿದ್ದ ಜ್ವಿನ್ ಎಂಬ ಕೊಲ್ಲಿ ಹೂಳು ತುಂಬುತ್ತಾ ಬಂದು, ಹದಿನಾರನೆಯ ಶತಮಾನದ ಹೊತ್ತಿಗೆ ಹಡಗುಗಳೂ ಸಾಹುಕಾರರೂ ಆಂಟ್ವರ್ಪಿನತ್ತ ತಿರುಗಿದರು. ಊರು ಬಡವಾಯಿತು. ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲವಾದ್ದರಿಂದ ಕಾಲುವೆ, ಇಟ್ಟಿಗೆಯ ಮನೆ, ಕಲ್ಲು ಹಾಸಿನ ಬೀದಿ ಎಲ್ಲವೂ ಇದ್ದಂತೆಯೇ ಉಳಿದವು. ಆ ಬಡತನವನ್ನು ನೋಡಲೆಂದೇ ಈಗ ಪ್ರಪಂಚದ ಜನ ದುಡ್ಡು ಕೊಟ್ಟು ಬರುತ್ತಾರೆ. 2000ದಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನಡುವಿನ ಚೌಕದಲ್ಲಿ 83 ಮೀಟರ್ ಎತ್ತರದ ಗಂಟೆಗೋಪುರ. ಅದರ ಬುಡದಲ್ಲೇ ಆಲೂಗಡ್ಡೆ ಫ್ರೈ ಮಾರುವ ಅಂಗಡಿ. ಎರಡೆರಡು ಸಲ ಕರಿಯುತ್ತಾರೆ. ಮೊದಲು ಮೆಲ್ಲಗೆ, ಆರಿದ ಮೇಲೆ ಜೋರಾದ ಕಾವಿನಲ್ಲಿ. ನಮ್ಮ ಹಪ್ಪಳ ಸಂಡಿಗೆಯವರಿಗೆ ಒಪ್ಪುವ ಶಿಸ್ತೇ. ಆದರೆ ಬೆಲ್ಜಿಯಂನಲ್ಲಿ ಸಾಂಪ್ರದಾಯಿಕವಾಗಿ ಕರಿಯುವುದು ದನದ ಕೊಬ್ಬಿನಲ್ಲಿ, ಆದ್ದರಿಂದ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ನಾವು ಕೇಳಿದೆವು, ತಿನ್ನಲಿಲ್ಲ. ಚೀಲದಲ್ಲಿ ಅತ್ತೆ ಕಟ್ಟಿಕೊಟ್ಟ ಚಪಾತಿ ಇತ್ತು. ಚೌಕದಲ್ಲಿ ಕೂತು ತಿಂದೆವು. ಯೂರೋಪಿನ ಪ್ರವಾಸ ಎಂದರೆ ಬುತ್ತಿ ಬಿಟ್ಟೀತೆ!

ಅಲ್ಲಿಂದ ಮಾತೆಯ ಚರ್ಚಿಗೆ ಹೋದೆವು. ಅಲ್ಲಿ ಮೈಕೆಲ್ಯಾಂಜೆಲೊ ಕೆತ್ತಿದ ತಾಯಿ ಮಗು ಇದೆ. ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ ಅವನು ಮಾಡಿದ್ದು. ಬ್ರೂಜಿನ ಬಟ್ಟೆ ವ್ಯಾಪಾರಿಗಳ ಮನೆತನವೊಂದು ಕೊಂಡು ತಂದಿತಂತೆ. ಮೇರಿಯ ಚಿತ್ರಗಳಲ್ಲಿ ಮಗು ಸಾಮಾನ್ಯವಾಗಿ ತಾಯಿಯ ತೊಡೆಯ ಮೇಲೆ, ಕಂಕುಳಲ್ಲಿ, ಎದೆಗೆ ಅಂಟಿಕೊಂಡು ಇರುತ್ತದೆ. ಇಲ್ಲಿ ಹಾಗಲ್ಲ. ಹುಡುಗ ಅವಳ ಮೊಣಕಾಲುಗಳ ನಡುವೆ ನಿಂತಿದ್ದಾನೆ. ಇನ್ನೇನು ಕೆಳಗಿಳಿದು ನಡೆದುಬಿಡುವವನ ಹಾಗೆ. ತಾಯಿಯ ಒಂದು ಕೈ ಅವನ ಕೈಯಲ್ಲಿದೆ, ಗಟ್ಟಿ ಹಿಡಿತವೇನಲ್ಲ. ಅವಳು ಅವನನ್ನು ನೋಡುತ್ತಲೂ ಇಲ್ಲ, ಕಣ್ಣು ಕೆಳಗೆ ಎಲ್ಲೋ ಇದೆ. ಅಂಗಳಕ್ಕಿಳಿಯುವ ಕೂಸನ್ನು ತಡೆಯಲೂ ಆಗದೆ ಬಿಡಲೂ ಆಗದೆ ಹೊಸ್ತಿಲಲ್ಲಿ ಕೂತ ಯಾವ ತಾಯಿಯಾದರೂ ಹಾಗೇ ಇರುತ್ತಾಳೆ. 1794ರಲ್ಲಿ ಫ್ರೆಂಚರು ಈ ಮೂರ್ತಿಯನ್ನು ಹೊತ್ತೊಯ್ದರು, ನೆಪೋಲಿಯನ್ ಸೋತ ಮೇಲೆ ಮರಳಿತು. 1944ರಲ್ಲಿ ಜರ್ಮನರು ಹಾಸಿಗೆಗಳಲ್ಲಿ ಸುತ್ತಿ ಸಾಗಿಸಿದರು, ಮರುವರ್ಷ ಆಸ್ಟ್ರಿಯಾದ ಉಪ್ಪಿನ ಗಣಿಯೊಂದರಲ್ಲಿ ಸಿಕ್ಕಿತು. ಎರಡು ಸಲ ಊರು ಬಿಟ್ಟಳು, ಎರಡು ಸಲವೂ ಮಗು ಜೊತೆಯಲ್ಲೇ! ಅವಳಿಗೆ ಒಂದು ವಾರಾಂತ್ಯದ ಬಿಡುವೂ ಇಲ್ಲ ಎಂದು ನಾನು ಹೇಳಿದಾಗ ಇವರು ನಗಲಿಲ್ಲ. ಬೇರೇನನ್ನೋ ಯೋಚಿಸುತ್ತಿದ್ದರು.

ಊರಿನ ದಕ್ಷಿಣದಲ್ಲಿ ಬೆಗೈನ್ ಹೆಂಗಸರ ಮಠ. ಮಠ ಎನ್ನುವುದೂ ಸರಿಯಲ್ಲ. ಒಂದು ಸೇತುವೆ ದಾಟಿ ಬಾಗಿಲೊಳಗೆ ಹೋದರೆ ಹುಲ್ಲಿನ ಅಂಗಳ, ಎತ್ತರದ ಮರಗಳು, ಸುತ್ತ ಬೆಳ್ಳಗಿನ ಸಣ್ಣ ಸಣ್ಣ ಮನೆಗಳು. ಏಪ್ರಿಲ್ ಆದ್ದರಿಂದ ಅಂಗಳದ ತುಂಬ ಹಳದಿ ಡ್ಯಾಫೊಡಿಲ್. 1245ರಲ್ಲಿ ಸ್ಥಾಪನೆಯಾದ ಜಾಗ. ಮದುವೆ ಬೇಡವೆಂದವರು, ಗಂಡ ಸತ್ತವರು ಇಲ್ಲಿ ಬಂದು ಇರುತ್ತಿದ್ದರು. ದೇವರ ಧ್ಯಾನವಿತ್ತು, ಆದರೆ ಸನ್ಯಾಸಿನಿಯರಂತೆ ಜೀವನವಿಡೀ ಎಂಬ ದೀಕ್ಷೆಯಿರಲಿಲ್ಲ. ಬೇಡವೆನಿಸಿದರೆ ಎದ್ದು ಹೋಗಬಹುದಿತ್ತು. ಆಸ್ತಿ ಇಟ್ಟುಕೊಳ್ಳಬಹುದಿತ್ತು. ಉಣ್ಣೆ ತೊಳೆದು, ಲೇಸು ಹೆಣೆದು, ಮಕ್ಕಳಿಗೆ ಪಾಠ ಹೇಳಿ ತಮ್ಮ ಅನ್ನ ತಾವು ದುಡಿಯುತ್ತಿದ್ದರು. ಅಪ್ಪನ ಮನೆ, ಗಂಡನ ಮನೆ, ಮಗನ ಮನೆ ಎಂದು ಹೆಣ್ಣಿನ ಆಯುಷ್ಯವನ್ನು ಮೂರು ಭಾಗ ಮಾಡಿಟ್ಟ ನಾಡಿನಿಂದ ಬಂದವಳಿಗೆ ಈ ನಾಲ್ಕನೆಯ ಮನೆ ಬಹಳ ಹೊತ್ತು ಅಲ್ಲೇ ನಿಲ್ಲಿಸಿತು. 1927ರಿಂದ ಅಲ್ಲಿರುವುದು ಬೆನೆಡಿಕ್ಟ್ ಪಂಥದ ಸನ್ಯಾಸಿನಿಯರು. ಲೋಕದ ಕೊನೆಯ ಬೆಗೈನ್ ಎನಿಸಿದ್ದ ಮುದುಕಿ 2013ರಲ್ಲಿ ಇದೇ ಪ್ರಾಂತದ ಇನ್ನೊಂದು ಊರಿನಲ್ಲಿ ತೀರಿಕೊಂಡರು.

ಒಳಗೆ ಮಾತಾಡಬಾರದೆಂದು ಫಲಕವಿದೆ. ಅರ್ಧ ಗಂಟೆ ಬಾಯಿ ಮುಚ್ಚಿದ್ದೇ ಒಳ್ಳೆಯದಾಯಿತೋ ಏನೋ, ಹೊರಗೆ ಬಂದು ಕೊಳದ ಪಕ್ಕದ ಬೆಂಚಿನ ಮೇಲೆ ಕೂತಾಗ ಈಜಿನ ಚೀಲ ಇಬ್ಬರಿಗೂ ನೆನಪಾಗಲಿಲ್ಲ. ಹಂಸಗಳು ತೇಲುತ್ತಿದ್ದವು. ಇವರು ಹೇಳಿದರು, "ಅಮ್ಮ ಜನವರಿಯಲ್ಲಿ ಬಚ್ಚಲಲ್ಲಿ ಬಿದ್ದಿದ್ದಳಂತೆ."

"ಯಾರು ಹೇಳಿದ್ದು?"

"ಪಕ್ಕದ ಮನೆಯವರು ಫೋನ್ ಮಾಡಿದ್ದರು. ಒಳಗಿಂದ ಚಿಲಕ ಹಾಕಿತ್ತಂತೆ. ಎದ್ದು ಬಂದು ಬಾಗಿಲು ತೆಗೆಯೋಕೆ ಒಂದು ಗಂಟೆ ಹಿಡೀತಂತೆ."

ಜನವರಿಯಿಂದ ಏಪ್ರಿಲ್! ನನಗೆ ಸಿಟ್ಟು ಬಂತು. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಮೂರು ಸಲ ಶುರು ಮಾಡಿದ್ದೆ" ಎಂದರು. ಒಂದು ಸಲ ಚಿಕ್ಕವನ ಹಲ್ಲು ಬಿತ್ತಂತೆ. ಒಂದು ಸಲ ದೊಡ್ಡವಳು ಅಜ್ಜಿಯ ಹೆಸರು ಕೇಳಿ ಓಡಿ ಬಂದಳಂತೆ. ಇನ್ನೊಂದು ಸಲ ನಾನೇ ನಿದ್ದೆ ಹೋಗಿದ್ದೆನಂತೆ. ಅಲ್ಲಿಂದ ಮುಂದೆ ಎಲ್ಲವೂ ಬಂತು. ಕೆಲಸ ಬಿಟ್ಟು ಊರಿಗೇ ಹೋಗಿಬಿಡೋಣವೆ ಎಂದರು ಇವರು. ಹಾಗಾದರೆ ನನ್ನ ಕೆಲಸ? ಕನ್ನಡ ಓದಲು ಬಾರದ ಈ ಮಕ್ಕಳು? ವರ್ಷಕ್ಕೊಮ್ಮೆ ಎಲ್ಲರೂ ಹೋಗಿ ಎರಡು ತಿಂಗಳು ಇರೋಣವೆಂದರೆ ನೆದರ್‌ಲೆಂಡ್ಸ್‌ನಲ್ಲಿ ಐದು ತುಂಬಿದ ಮಕ್ಕಳಿಗೆ ಶಾಲೆ ಕಡ್ಡಾಯ, ಅಪ್ಪಣೆಯಿಲ್ಲದೆ ತಪ್ಪಿಸಿದರೆ ದಂಡ. ಅತ್ತೆ ಬಂದು ಹೋಗಿ ಮಾಡುತ್ತಿದ್ದರೆ ಆ ಉಳಿದ 90 ದಿನಗಳ ಗತಿ? ನನ್ನ ಅಪ್ಪ ಅಮ್ಮನ ವಿಷಯವೂ ಬಂತು. ಅವರಿಗೂ ವಯಸ್ಸಾಗಿದೆ, ಅದನ್ನು ಈ ಮನೆಯಲ್ಲಿ ಲೆಕ್ಕಕ್ಕೆ ಹಿಡಿದವರು ಯಾರು ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಪಕ್ಕದ ಬೆಂಚಿನ ವೃದ್ಧ ದಂಪತಿಗಳು ತಿರುಗಿ ನೋಡಿ, ನಗೆ ಬೀರಿ, ಮತ್ತೆ ಹಂಸಗಳತ್ತ ತಿರುಗಿದರು. ಕನ್ನಡದಲ್ಲಿ ಜಗಳವಾಡಲು ಅದಕ್ಕಿಂತ ಪ್ರಶಸ್ತವಾದ ಜಾಗ ಇರಲಾರದು. ಯಾರಿಗೂ ಅರ್ಥವಾಗುವುದಿಲ್ಲ, ಯಾರೂ ನಡುವೆ ಬಂದು ಹಾಲು ಕೇಳುವುದಿಲ್ಲ.

ಕತ್ತಲಾಗುವವರೆಗೂ ಕೂತಿದ್ದೆವು. ಕೊನೆಗೆ ಒಂದು ದಾರಿ ಕಂಡಿತು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಇವರೊಬ್ಬರೇ ಅರಸೀಕೆರೆಗೆ ಹೋಗುವುದು, ಅರ್ಧ ರಜೆ, ಅರ್ಧ ಅಲ್ಲಿಂದಲೇ ಕೆಲಸ. ನಾನು ಇಲ್ಲಿ ಮಕ್ಕಳ ಜೊತೆ. ಬೇಸಿಗೆ ರಜೆಯಲ್ಲಿ ಎಲ್ಲರೂ ಹೋದಾಗ ಅರ್ಧ ದಿನಗಳು ನನ್ನ ತೌರಿಗೆ, ಇವರೂ ಬರಬೇಕು. ಇದು ನನಗೆ ಪೂರ್ತಿ ಇಷ್ಟವಾಗಲಿಲ್ಲ. ಇಷ್ಟವಾಗಲಿಲ್ಲ ಎಂದೂ ಹೇಳಿದೆ. ಇವರಿಗೂ ಆಗಲಿಲ್ಲ. ಎರಡು ಕಡೆಯೂ ಸ್ವಲ್ಪ ಕಡಿಮೆ ಬಿದ್ದದ್ದರಿಂದ ಲೆಕ್ಕ ಸರಿಯಿದೆ ಎನಿಸಿತು. ಆ ರಾತ್ರಿ ಹೋಟೆಲಿನಲ್ಲಿ ಇಬ್ಬರೂ ಒಂಬತ್ತಕ್ಕೇ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಎದ್ದೆವು. ವಾರಾಂತ್ಯದ ಪ್ರಣಯವೆಂದು ಪತ್ರಿಕೆಗಳಲ್ಲಿ ಬರೆಯುತ್ತಾರಲ್ಲ, ಎರಡು ಮಕ್ಕಳ ತಾಯಿಗೆ ಹನ್ನೆರಡು ಗಂಟೆಯ ನಿದ್ದೆಯನ್ನು ಮೀರಿದ ಪ್ರಣಯ ಯಾವುದಿದೆ?

ಭಾನುವಾರ ಗಂಟೆಗೋಪುರದ 366 ಮೆಟ್ಟಿಲು ಹತ್ತಿದೆವು. ಮೇಲೆ 47 ಗಂಟೆಗಳಿವೆ. ನಾವು ಹತ್ತುತ್ತಿರುವಾಗಲೇ ಅವು ನುಡಿದವು, ಎದೆಯೊಳಗೇ ಬಾರಿಸಿದಂತಾಯಿತು. ಅತ್ತೆಗೆಂದು ಒಂದು ಅಂಗೈಯಗಲದ ಲೇಸು ಕೊಂಡೆ. ಅಂಗಡಿಗಳಲ್ಲಿ ತೂಗುಬಿಟ್ಟಿರುವ ಎಷ್ಟೋ ಲೇಸು ಯಂತ್ರದ್ದು. ಕೈಯಲ್ಲಿ ಹೆಣೆದದ್ದು ಬೇಕೆಂದರೆ ಕೇಳಬೇಕು, ಬೆಲೆಯೂ ಹಾಗೇ ಇರುತ್ತದೆ. ದಿಂಬಿಗೆ ಗುಂಡುಸೂಜಿ ಚುಚ್ಚಿ, ದಾರ ಸುತ್ತಿದ ಹತ್ತಾರು ಮರದ ಕಡ್ಡಿಗಳನ್ನು ಎಡಕ್ಕೂ ಬಲಕ್ಕೂ ದಾಟಿಸುತ್ತಾ ಹೆಣೆಯುತ್ತಾರೆ. ಕ್ರೋಷಾ ಹಾಕುವ ಕೈಗಳಿಗೂ ತಲೆ ತಿರುಗುತ್ತದೆ.

ಮನೆಗೆ ಬಂದಾಗ ಮಕ್ಕಳು ಮಲಗಿದ್ದರು. ಅತ್ತೆ ಲೇಸನ್ನು ದೀಪಕ್ಕೆ ಹಿಡಿದು ನೋಡಿದರು. ಇವರು ನೇರವಾಗಿಯೇ ಬಿದ್ದ ವಿಷಯ ಎತ್ತಿದರು. ಊರಿನ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿನಲ್ಲಿ ನಿನ್ನ ತಂಗಿಯ ಮನೆಯಲ್ಲಿ ಇರಬಾರದೇನಮ್ಮಾ ಎಂದೂ ಕೇಳಿದರು. "ನನ್ನ ಬೀಗದ ಕೈ ನನ್ನ ಹತ್ರ ಇರ್ಲಿ ಬಿಡೋ" ಎಂದು ಅತ್ತೆ ಮಾತು ಮುಗಿಸಿದರು. ಆಮೇಲೆ ನಾನು ಅವರಿಗೆ ಬೆಳ್ಳನೆಯ ಮನೆಗಳ ಹೆಂಗಸರ ಕಥೆ ಹೇಳಿದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಒಬ್ಬೊಬ್ಬರಿಗೂ ಬೇರೆ ಬೇರೆ ಒಲೆಯಾ?"

ಎಷ್ಟೋ ಮನೆಗಳಿಗೆ ಅವರವರದೇ ಅಡಿಗೆಮನೆ ಇತ್ತು ಎಂದೆ.

"ಹಂಗಾದ್ರೆ ಚೆನ್ನಾಗಿರತ್ತೆ."

ಟಿಕೆಟ್ಟಿದ್ದ ದಿನವೇ ಊರಿಗೆ ಹೋದರು. ನವೆಂಬರಿನಲ್ಲಿ ಇವರು ಹೋಗಿ ಆರು ವಾರ ಇದ್ದು ಬಂದರು. ಆ ಆರು ವಾರ ನಾನು ಈ ಮಕ್ಕಳೊಂದಿಗೆ, ಈ ಮಳೆಯೊಂದಿಗೆ ಏಗಿದ್ದು ಬೇರೆಯೇ ಪ್ರಬಂಧವಾದೀತು. ಬಚ್ಚಲಿನ ನೆಲ ಒರಟು ಮಾಡಿಸಿ, ಚಿಲಕ ಕಿತ್ತು ಹಾಕಿಸಿ, ಗೋಡೆಗೆ ಗಟ್ಟಿಯಾದ ಸ್ಟೀಲಿನ ಹಿಡಿಯೊಂದನ್ನು ಜೋಡಿಸಿ ಬಂದಿದ್ದಾರೆ. ಅತ್ತೆ ಅದರ ಮೇಲೆ ಟವೆಲ್ ಒಣಗಹಾಕುತ್ತಾರಂತೆ.